ಬಾಗಿಲಿಲ್ಲದ ಚಳಿ

ಗೇಟ್ ಪಾಸಿನ ಬೆನ್ನಿಗೆ ಖರ್ಚು ಬರೆದಿದ್ದೇನೆ:
ಹಾಸನದಿಂದ ಬೆಂಗಳೂರು, ಅಲ್ಲಿಂದ ದಿಲ್ಲಿ,
ದಿಲ್ಲಿಯಿಂದ ರಾತ್ರಿ ಬಸ್ಸು, ತಲೆಗೆ ಇಷ್ಟು, ಊಟಕ್ಕೆ ಇಷ್ಟು,
ಬೂಟಿನ ಬಾಡಿಗೆ ಎಂಬುದರ ಮುಂದೆ ಪ್ರಶ್ನೆ ಚಿಹ್ನೆ.
ಅದರ ಮುಂಬದಿಯಲ್ಲಿ ಹಳೆಯ ಲೆಕ್ಕ:
ಬಿತ್ತನೆ ಆಲೂಗಡ್ಡೆ, ಮುನ್ನೂರ ಹತ್ತು ಮೂಟೆ,
ಮೂರನೇ ಕೋಣೆ. ಸಹಿ ನನ್ನದೇ.

ನಾವು ಮೂವರು. ನಾನು ಲೆಕ್ಕದವಳು.
ಚಿಕ್ಕತಾಯಮ್ಮ ಕೊಳೆತದ್ದನ್ನು ಆರಿಸುವವಳು,
ಕತ್ತಲಲ್ಲೂ ಮೂಗಿನಿಂದಲೇ ಪತ್ತೆ ಹಚ್ಚುವವಳು.
ಜಬೀವುಲ್ಲಾ ಮೆಷಿನ್ನಿನವನು.
ಹದಿನಾಲ್ಕು ವರ್ಷ ಮೂರು ಡಿಗ್ರಿಯಲ್ಲಿ ಅನ್ನ ದುಡಿದವರು.
ಏಪ್ರಿಲ್ ಬಿಸಿಲಿಗೆ ಊರೆಲ್ಲ ಕಬ್ಬಿನ ಹಾಲಿಗೆ ಸಾಲು ನಿಂತಾಗ
ಸ್ವೆಟರ್ ಮಡಿಸುತ್ತಾ ಗೇಟು ದಾಟುವವರು.

ಆದರೂ ಹಿಮ ಕಂಡಿಲ್ಲ.
ಹಿಮ ಅಂದರೆ ನಮಗೆ
ಕೊಳವೆಯ ಮೇಲೆ ಕಟ್ಟುವ ಬಿಳಿ ಬೂಷ್ಟು,
ಶನಿವಾರ ಜಬೀ ಕೆರೆದು ಮೋರಿಗೆ ಸುರಿಯುವುದು.

ಜಲಂಧರಿನಿಂದ ಬೀಜ ತರುವ ಗುರ್ಮೇಲ್ ಸಿಂಗ್
ಹೋದ ಸಲ ಫೋನಿನಲ್ಲಿ ತೋರಿಸಿದ್ದ:
ಸೋಲಂಗ್ ಕಣಿವೆ. ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು
ಅವನ ತಂಗಿಯ ಮಗಳು ಇಳಿಜಾರಿನಲ್ಲಿ ಬರುತ್ತಾಳೆ,
ಬೀಳುತ್ತಾಳೆ, ಬಿದ್ದಲ್ಲೇ ನಗುತ್ತಾಳೆ.
ಚಿಕ್ಕತಾಯಮ್ಮ ಏಳು ಸಲ ಹಾಕಿಸಿಕೊಂಡು ನೋಡಿದಳು.
"ಇದರ ಬಾಗಿಲು ಎಲ್ಲೈತೆ?" ಅಂದಳು.
ನಮಗೆ ಅರ್ಥವಾಗಲಿಲ್ಲ.
"ಅಷ್ಟು ತಣ್ಣಗೈತಲ್ಲ, ಬಾಗ್ಲು ಹಾಕ್ರೋ,
ತಂಪೆಲ್ಲ ಹೊರಟೋಯ್ತು ಅಂತ
ಬೈಯೋರು ಯಾರೂ ಇಲ್ವಾ ಅಲ್ಲಿ?"

ಅಂದಿನಿಂದ ಹೊರಟಿದ್ದೇವೆ.
ಅಂದರೆ, ಮಾತು ಹೊರಟಿದೆ.
ಜನವರಿ ಅಂದರೆ ಜಬೀ ಮಗಳ ನಿಕಾಹ್.
ಮಾರ್ಚಿ ಹತ್ತರ ಮೇಲೆ ಬರಫ್ ಕಿಚಡಿ ಅನ್ನುತ್ತಾನೆ ಗುರ್ಮೇಲ್.
ಫೆಬ್ರವರಿ ಕೊನೆಗೆ ಅವನದೇ ಲಾರಿ ನಮ್ಮ ಗೇಟಿನಲ್ಲಿ.
ನಡುವೆ ಉಳಿದದ್ದು ಒಂಬತ್ತು ದಿನ,
ಕೋಣೆಗಳಿಗೆ ತಂಪು ಹಿಡಿಸುವ ದಿನಗಳು,
ಜಬೀ ಇರಲೇಬೇಕಾದ ದಿನಗಳು.

ಸಾಹುಕಾರರು ಚೀಟಿ ಓದಿ ನಕ್ಕರು:
"ಚಳಿ ನೋಡೋಕೆ ಅಷ್ಟು ದೂರಾನಾ?
ಎರಡನೇ ಕೋಣೆಗೆ ಹೋಗಿ ಬನ್ನಿ, ಟಿಕೆಟ್ ಬೇಡ."
ನಗು ಮುಗಿದ ಮೇಲೂ ನಾವು ನಿಂತೇ ಇದ್ದೆವು.
ಇಬ್ಬರಿಗೆ ಸಹಿ ಬಿತ್ತು. ಮೂರನೆಯದಕ್ಕೆ,
"ಆ ಹುಡುಗ ವಿನ್ಸೆಂಟ್ ಮೆಷಿನ್ ಕಲಿತರೆ ನೋಡೋಣ."

ಈಗ ದಿನಾ ಸಂಜೆ ಜಬೀ ಪಾಠ ಹೇಳುತ್ತಾನೆ,
ಗೇಜು, ಎಣ್ಣೆ, ಅಮೋನಿಯಾ ವಾಸನೆ ಬಂದರೆ ಮೊದಲು ಓಡು.
ಭಾನುವಾರ ಮಾತ್ರ, ಮೂಟೆ ಇಳಿಸುವ ಹಲಗೆಯನ್ನು
ಲಾರಿಕಟ್ಟೆಗೆ ಓರೆಯಾಗಿ ಒರಗಿಸಿ
ಗೋಣಿಚೀಲ ಸುತ್ತಿದ ಕಾಲಲ್ಲಿ ತಾನೇ ಜಾರಿದ.
ಮೊಣಕೈ ತರಚಿತು.
"ಹಿಮದಲ್ಲಿ ಮೊಳೆ ಇರಲ್ಲ" ಅಂದ,
ನನಗಲ್ಲ, ಮೊಣಕೈಗೆ.

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಉಣ್ಣೆಯ ಕೈಚೀಲ ಕೇಳಿದೆ.
ಬೈಕಿನದಿದೆ, ಬಿಸಿ ಪಾತ್ರೆ ಇಳಿಸೋದಿದೆ, ಯಾವುದು ಅಂದ.
ಬಿಸಿ ಪಾತ್ರೆಯದೇ ತಂದೆ, ಮೂರು ಜೊತೆ.

ರಜೆ ಪುಸ್ತಕದಲ್ಲಿ ಕಾರಣ ಎಂಬ ಕಲಂ ಇದೆ.
ನನ್ನ ಹದಿನಾಲ್ಕು ವರ್ಷ ಅಲ್ಲಿ ಹೀಗಿದೆ:
ತಿಥಿ, ಜ್ವರ, ಅಮ್ಮನ ಕಣ್ಣು, ತಿಥಿ, ತಿಥಿ.
ಈ ಸಲ ಪೆನ್ನು ಬಹಳ ಹೊತ್ತು ನಿಂತಿತು.
"ನೋಡಲು" ಎಂದು ಬರೆದೆ.
ಏನನ್ನು ಎಂದು ಬರೆಯಲು ಜಾಗ ಸಾಲಲಿಲ್ಲ.

ಟಿಕೆಟ್ ವೇಯ್ಟಿಂಗ್ ಲಿಸ್ಟಿನಲ್ಲಿ ಹದಿನೇಳು, ಹದಿನೆಂಟು, ಹತ್ತೊಂಬತ್ತು.
ದಿನಕ್ಕೊಂದು ಇಳಿಯುತ್ತದೆ, ಕೋಣೆಯ ಮುಳ್ಳಿನ ಹಾಗೆ.
ಚಿಕ್ಕತಾಯಮ್ಮ ಊಟದ ಡಬ್ಬಿ ಮುಚ್ಚುತ್ತಾ ಕೇಳಿದಳು:
"ಎರಡಕ್ಕಿಂತ ಕೆಳಗಿಳಿದ್ರೆ ಬೀಜ ಕೆಡ್ತದೆ.
ಮನುಷ್ಯರು ಎಷ್ಟರ ತನಕ ತಡೀತಾರೆ ಕಣಮ್ಮಿ?"
ಲೆಕ್ಕದವಳು ನಾನು, ಗೊತ್ತಿಲ್ಲ ಅಂದೆ.
ಅವಳಿಗೆ ಆ ಉತ್ತರ ಯಾಕೋ ಹಿಡಿಸಿತು.
ಎದ್ದು ಒಳಗೆ ಹೋದಳು,
ನಾನು ಬಾಗಿಲು ಹಾಕಿದೆ.